ಮೂರನೇ ಕಪ್ಪಿನ ಹೊತ್ತಿಗೆ ತಣ್ಣಗಾದ ಎಂಜಿನ್

ಟಾಲ್ಕೆ ಪೊಪ್ಪಿಂಗ ಐವತ್ತೊಂದನೆಯ ವಯಸ್ಸಿಗೆ ಬೈಕು ಕಲಿತದ್ದಕ್ಕೆ ಒಂದು ರಸ್ತೆ ಫಲಕ ಕಾರಣ.

ಆ ಫಲಕ ಈಗಲೂ ಅಲ್ಲೇ ಇದೆ. ಜರ್ಮನಿಯ ಉತ್ತರದಂಚಿನ ನಮ್ಮ ಕಡಲ ಸೀಮೆಯಲ್ಲಿ, ಟೊರ್ಸುಮಿನಿಂದ ಹಾಲ್ವರ್ಡಿಗೆ ಹೋಗುವ ದಾರಿಯಲ್ಲಿ, ಕಾಲುವೆಯ ಮೇಲಿನ ಹಳೆಯ ಸೇತುವೆಯ ಬಾಯಲ್ಲಿ ನಿಲ್ಲಿಸಿದ್ದಾರೆ. ಸೇತುವೆಯ ಅಡಿಯ ಕಬ್ಬಿಣವನ್ನು ತುಕ್ಕು ತಿಂದಿದೆಯೆಂದು ಹೋದ ವರ್ಷದ ಬೇಸಿಗೆಯಲ್ಲಿ ಇಂಜಿನಿಯರುಗಳು ಬಂದು ನೋಡಿದರು, ಮೂರು ವರ್ಷ ಕಾರುಗಳಿಗೆ ದಾರಿ ಬಂದ್ ಎಂದರು. ಸುತ್ತಿ ಬಳಸಿ ಹೋದರೆ ಮೂವತ್ತು ಕಿಲೋಮೀಟರು. ನಾವೆಲ್ಲ ಫಲಕ ನೋಡಿದೆವು, ಬೈದೆವು, ಕಾರು ತಿರುಗಿಸಿಕೊಂಡು ಮನೆಗೆ ಬಂದೆವು. ಟಾಲ್ಕೆ ಮಾತ್ರ ಸೈಕಲ್ಲಿನಿಂದಿಳಿದು ಅದರೆದುರು ನಿಂತುಬಿಟ್ಟಳು. ಕೆಂಪು ಬಳೆ, ಒಳಗೆ ಕಪ್ಪು ಕಾರು. ಗೋಡೆಗೆ ತೂಗುಹಾಕಿದ ಚಿತ್ರವನ್ನು ನೋಡುವಂತೆ ತಲೆ ಓರೆ ಮಾಡಿ ನೋಡಿದಳು.

"ಫ್ರೌಕೆ, ಇದ್ರಲ್ಲಿ ಕಾರು ಮಾತ್ರ ಇದೆ."

"ಹೂಂ, ನಂಗೂ ಕಣ್ಣಿದೆ," ಎಂದೆ.

"ಬೈಕಿಲ್ಲ."

"ಅದಕ್ಕೆ?"

"ಅಂದ್ರೆ ಬೈಕು ಹೋಗಬಹುದು."

"ನಿನ್ ಹತ್ರ ಬೈಕೆಲ್ಲಿದೆ ಮಾರಾಯ್ತಿ?"

"ಅದು ಬೇರೆ ವಿಷಯ," ಎಂದು ಸೈಕಲ್ ಹತ್ತಿದಳು.

ವಾರದ ದಿನಗಳಲ್ಲಿ ಅವಳು ನಮ್ಮ ಎಲ್ಸುಮಿನ ಬೇಕರಿಯಲ್ಲಿ ಬ್ರೆಡ್ಡು ಮಾರುತ್ತಾಳೆ. ಭಾನುವಾರ ಮೂರು ಚರ್ಚುಗಳಲ್ಲಿ ದೊಡ್ಡ ಪೈಪುಗಳ ಆರ್ಗನ್ ವಾದ್ಯ ನುಡಿಸುತ್ತಾಳೆ. ಒಂಬತ್ತಕ್ಕೆ ನಮ್ಮೂರಿನಲ್ಲಿ, ಹತ್ತೂಕಾಲಿಗೆ ಟೊರ್ಸುಮಿನಲ್ಲಿ, ಹನ್ನೊಂದೂವರೆಗೆ ಹಾಲ್ವರ್ಡಿನಲ್ಲಿ. ನಾನು ಎಲ್ಸುಮಿನ ಚರ್ಚಿನ ಬೀಗದ ಕೈ ಇಟ್ಟುಕೊಂಡವಳು. ಗುಡಿಸುವುದು, ಗಂಟೆ ಹೊಡೆಯುವುದು, ಚಳಿಗಾಲದಲ್ಲಿ ಬೆಂಚುಗಳ ಕೆಳಗಿನ ಹೀಟರ್ ಹಾಕುವುದು ನನ್ನ ಕೆಲಸ. ಹಾಗಾಗಿ ಅವಳ ಬೆನ್ನನ್ನು ನಾನು ನೋಡಿದಷ್ಟು ಈ ಊರಿನಲ್ಲಿ ಇನ್ಯಾರೂ ನೋಡಿಲ್ಲ. ನುಡಿಸುವಾಗ ಅವಳ ಬೆನ್ನು ನೆಟ್ಟಗಿರುತ್ತದೆ, ಕಣ್ಣು ಮುಚ್ಚಿರುತ್ತದೆ.

ಹನ್ನೆರಡು ವರ್ಷದ ಹುಡುಗಿಯಾಗಿದ್ದಾಗ ಅವಳು ಹಾಲ್ವರ್ಡಿನ ಮುದಿ ವಾದಕರನ್ನು ಒಂದು ಪ್ರಶ್ನೆ ಕೇಳಿದ್ದಳಂತೆ: ಎಲ್ಲಕ್ಕಿಂತ ದೊಡ್ಡ ಪೈಪಿನ ದನಿ ಯಾಕೆ ಒಂಚೂರು ತಡವಾಗಿ ಬರುತ್ತದೆ? ಅವರು ಉತ್ತರ ಹೇಳದೆ ಆರ್ಗನ್ನಿನ ಹಿಂದಿನ ಹಲಗೆ ತೆಗೆದು ಅವಳನ್ನು ಒಳಗೆ ಬಿಟ್ಟರಂತೆ. ಅರ್ಧ ಗಂಟೆಯ ಮೇಲೆ ಧೂಳು ಮೆತ್ತಿಕೊಂಡು ಹೊರಬಂದ ಹುಡುಗಿ, "ಅದಕ್ಕೆ ಹೊಟ್ಟೆ ತುಂಬೋಕೆ ಗಾಳಿ ಜಾಸ್ತಿ ಬೇಕು," ಎಂದಳಂತೆ. ಆವತ್ತಿನಿಂದ ಆ ಆರ್ಗನ್ನನ್ನು ಅವಳು ಬಿಟ್ಟಿಲ್ಲ. ಅಲ್ಲಿ ಪ್ರಾರ್ಥನೆಗೆ ಬರುವವರು ಈಗ ಹನ್ನೊಂದು ಜನ. ಆರ್ಗನ್ನಿಗೆ ಮುನ್ನೂರು ವರ್ಷ.

ಸೇತುವೆ ಮುಚ್ಚಿದ ಮೇಲೆ ಹಾಲ್ವರ್ಡಿಗೆ ಅವಳು ಹೊತ್ತಿಗೆ ಸರಿಯಾಗಿ ಮುಟ್ಟಲಾಗಲಿಲ್ಲ. ಟೊರ್ಸುಮಿನಲ್ಲಿ ಮುಗಿಯುವಾಗ ಹನ್ನೊಂದೂ ಐದು. ಅಲ್ಲಿಂದ ಏಳು ಕಿಲೋಮೀಟರು, ಎದುರಿಗೆ ಪಡುವಣ ಗಾಳಿ. ನನ್ನ ಕಾರಿನಲ್ಲಿ ಸುತ್ತಿ ಹೋದರೂ ತಡ, ಅವಳ ಸೈಕಲ್ಲಿನಲ್ಲಿ ನೇರ ಹೋದರೂ ತಡ. ಎರಡನೇ ಹಾಡಿನ ನಡುವೆ ಕೆಂಪು ಮುಖ ಹೊತ್ತು ಏದುಸಿರು ಬಿಡುತ್ತ ಮೆಟ್ಟಿಲು ಹತ್ತುತ್ತಿದ್ದಳು. ಅಕ್ಟೋಬರಿನಲ್ಲಿ ಹಾಲ್ವರ್ಡಿನ ಸಮಿತಿಯವರು ಕಾಗದ ಬರೆದರು. ಬೈಗುಳವೇನಲ್ಲ, ಬಹಳ ಮರ್ಯಾದೆಯ ಕಾಗದ. ಈಸ್ಟರಿನವರೆಗೆ ನೋಡುತ್ತೇವೆ, ಆಮೇಲೆ ಹಾಡುಗಳನ್ನು ತುಂಬಿಸಿಟ್ಟ ಒಂದು ಪೆಟ್ಟಿಗೆ ತರಿಸುತ್ತೇವೆ, ಗುಂಡಿ ಒತ್ತಿದರೆ ಸಾಕು, ಎಂದು.

"ಆರ್ಗನ್ ನುಡಿಸದೆ ಬಿಟ್ರೆ ಮೊದಲು ಧೂಳು ಬರತ್ತೆ," ಎಂದಳು ಟಾಲ್ಕೆ. "ಆಮೇಲೆ ಇಲಿ. ಆಮೇಲೆ ಮಾರೋ ಮಾತು."

ಅಷ್ಟರಲ್ಲಾಗಲೇ ಅವಳು ಬೈಕು ಕಲಿಯಲು ಸೇರಿದ್ದಳು. ಕಲಿಸುವವನು ಹಾರ್ಮ್ ಉಕೇನ. ಒಂದು ಪಾಠಕ್ಕೆ ಒಂದು ಮಾತಿಗಿಂತ ಹೆಚ್ಚು ಆಡದ ಮನುಷ್ಯ. ಮೊದಲ ದಿನ "ದೂರ ನೋಡು" ಎಂದ. ಎರಡನೆಯ ದಿನ "ಇನ್ನೂ ದೂರ." ಇವಳು ಅವನಿಗೆ ಪ್ರಶ್ನೆ ಕೇಳಿ ಕೇಳಿ ಸುಸ್ತು ಮಾಡಿಸಿದಳು. ತಿರುವಿನಲ್ಲಿ ಗಾಡಿ ಯಾಕೆ ವಾಲಬೇಕು? ಹಿಂದಿನ ಬ್ರೇಕು ಮೊದಲು ಹಿಡಿದರೆ ಏನಾಗುತ್ತದೆ? ನವೆಂಬರಿನಲ್ಲಿ ಪಾಸಾದಳು. ಲೈಸೆನ್ಸ್ ಕೈಗೆ ಬಂತು, ಗಾಡಿ ಇರಲಿಲ್ಲ. ಹೊಸದಕ್ಕೆ ಕೈ ನಿಲುಕುವಂತಿರಲಿಲ್ಲ. ಆದ್ದರಿಂದ ದಿನಾ ರಾತ್ರಿ ಅಂತರ್ಜಾಲದಲ್ಲಿ ಹಳೆಯ ಬೈಕುಗಳ ಜಾಹೀರಾತು ನೋಡಿದಳು.

ಅಲ್ಲೇ ಅವಳು ಮೊದಲ ಸಲ ಬಿದ್ದದ್ದು.

ಒಬ್ಬ ಮಾರಾಟಗಾರ ಬರೆದಿದ್ದ. ತಾನು ನಾರ್ವೆಯ ಕಡಲಿನಲ್ಲಿ ತೈಲ ತೆಗೆಯುವ ಕಡೆ ಕೆಲಸದಲ್ಲಿದ್ದೇನೆ, ಗಾಡಿ ನಿಮ್ಮ ಪಕ್ಕದ ಹಳ್ಳಿಯಲ್ಲಿ ಚಿಕ್ಕಪ್ಪನ ಕೊಟ್ಟಿಗೆಯಲ್ಲಿದೆ, ಸ್ವಲ್ಪ ಮುಂಗಡ ಕಳಿಸಿದರೆ ಮನೆ ಬಾಗಿಲಿಗೇ ಬರುತ್ತದೆ. ಬೆಲೆ ಕಡಿಮೆ, ಮಾತು ಸಭ್ಯ. ಜೊತೆಗೊಂದು ಫೋಟೋ, ಎಂಜಿನ್ ಓಡುವ ಒಂದು ವಿಡಿಯೋ ಕಳಿಸಿದ್ದ. ಟಾಲ್ಕೆ ಅದನ್ನು ನನ್ನ ಅಡುಗೆಮನೆಯಲ್ಲಿ ಹತ್ತು ಸಲ ಹಾಕಿದಳು.

"ಕೇಳು, ಕೇಳು. ಎಷ್ಟು ಸಮವಾಗಿ ಉಸಿರಾಡ್ತಿದೆ ನೋಡು."

ನನಗೆ ಬರ್ರ್ ಎನ್ನುವುದಷ್ಟೇ ಕೇಳಿಸಿತು. ಅವಳು ನಾನೂರು ಯೂರೋ ಕಳಿಸಿದಳು. ಆಮೇಲೆ ಆ ಮನುಷ್ಯನಿಂದ ಒಂದಕ್ಷರವೂ ಇಲ್ಲ.

ಎರಡು ವಾರದ ಮೇಲೆ ಬೇಕರಿಯ ಯಜಮಾನ ಓನ್ನೊ ಆ ಫೋಟೋ ನೋಡಲು ಕೇಳಿದ.

"ಟಾಲ್ಕೆ, ಗಾಡಿ ಹಿಂದೆ ಏನಿದೆ?"

"ಮರ."

"ಮರದ ಹಿಂದೆ?"

ಅವಳು ಕನ್ನಡಕ ಏರಿಸಿ ನೋಡಿದಳು. ಬಹಳ ಹೊತ್ತು ನೋಡಿದಳು. "ಬೆಟ್ಟ," ಎಂದಳು ಕೊನೆಗೆ.

ನಮ್ಮ ಚಪ್ಪಟೆ ಸೀಮೆಯಲ್ಲಿ, ನೀರು ತಡೆಯಲು ಕಟ್ಟಿದ ಕಡಲ ದಿಬ್ಬದ ಮೇಲೆ ಕುರಿ ನಿಂತರೆ ಅದೇ ಎಲ್ಲಕ್ಕಿಂತ ಎತ್ತರ. ಪಕ್ಕದ ಹಳ್ಳಿಯಲ್ಲಿ ಬೆಟ್ಟ! ಜನ ತಿಂಗಳುಗಟ್ಟಲೆ ಬಿಡಲಿಲ್ಲ. "ಟಾಲ್ಕೆ, ಬೆಟ್ಟದ ಮೇಲಿಂದ ಇಳಿಸಿದ ಬ್ರೆಡ್ಡಿದ್ರೆ ಎರಡು ಕೊಡು." "ಟಾಲ್ಕೆ, ಬೆಟ್ಟದಲ್ಲಿ ಹಿಮ ಬಿದ್ದಿದ್ಯಾ?" ಅವಳೂ ನಗುತ್ತ ಚಿಲ್ಲರೆ ಕೊಡುತ್ತಿದ್ದಳು. ಪೊಲೀಸರಿಗೆ ದೂರು ಕೊಟ್ಟು ಬಂದ ದಿನ ಮಾತ್ರ ನನ್ನ ಮನೆಯಲ್ಲಿ ಕುಳಿತು, ಕಪ್ಪಿನೊಳಗೆ ನೋಡುತ್ತ, "ನಾನ್ಯಾಕೆ ನೋಡ್ಲಿಲ್ಲ?" ಎಂದಳು. ಅಳುತ್ತಿರಲಿಲ್ಲ. ನಿಜವಾಗಿಯೂ ಉತ್ತರ ಹುಡುಕುತ್ತಿದ್ದಳು. ಕಪ್ಪು ಕೆಳಗಿಟ್ಟು ಅವಳೇ ಹೇಳಿದಳು: "ಕಣ್ಣು ಮುಚ್ಕೊಂಡು ಕೇಳ್ತಿದ್ದೆ ಕಣೆ."

ಮತ್ತೆ ಹುಡುಕಲು ಎರಡು ತಿಂಗಳು ಬೇಕಾಯಿತು. ಗಂಟು ಕರಗಿತ್ತು, ಇನ್ನೊಂದು ಸಲ ಮೋಸಹೋದರೆ ಬೈಕೂ ಇಲ್ಲ, ಹಾಲ್ವರ್ಡೂ ಇಲ್ಲ. ಈ ಸಲ ಹಾರ್ಮನ ಹತ್ತಿರ ಹೋಗಿ ಕೇಳಿದಳು. ಹಾರ್ಮ್ ಆವತ್ತು ಒಂದು ವರ್ಷದ ಮಾತನ್ನು ಒಟ್ಟಿಗೆ ಆಡಿದನಂತೆ.

"ಗಾಡಿ ಕಣ್ಣಲ್ಲಿ ನೋಡದೆ ಒಂದು ಸೆಂಟೂ ಕೊಡ್ಬೇಡ. ಅವರ ಮನೆಗೇ ಹೋಗು. ಪೆಟ್ರೋಲ್ ಬಂಕಲ್ಲಿ ಸಿಗ್ತೀನಿ ಅನ್ನೋರನ್ನ ಬಿಟ್ಬಿಡು. ಕಾಗದದಲ್ಲಿರೋ ಹೆಸರು, ಅವರ ಗುರುತಿನ ಚೀಟಿ ಹೆಸರು ಒಂದೇನಾ ನೋಡು. ಹ್ಯಾಂಡಲ್ ಕೆಳಗೆ ಕಬ್ಬಿಣದ ಮೇಲೆ ನಂಬರ್ ಕೆತ್ತಿರ್ತಾರೆ, ಅದೂ ಕಾಗದದ್ದೂ ಒಂದೊಂದೇ ಅಂಕಿ ಓದು. ಒಬ್ಳೇ ಹೋಗ್ಬೇಡ. ಎಂಜಿನ್ ತಣ್ಣಗಿರ್ಲಿ ಅಂತ ಮೊದಲೇ ಹೇಳಿರು, ಹೋದ ಕೂಡ್ಲೆ ಕೈ ಇಡು. ಬಿಸಿ ಇದ್ರೆ ವಾಪಸ್ ಬಾ."

"ಯಾಕೆ?"

"ಬಿಸಿ ಎಂಜಿನ್ ಯಾವ್ದಾದ್ರೂ ಸ್ಟಾರ್ಟ್ ಆಗತ್ತೆ. ನಿನ್ ಗಾಡಿ ಭಾನುವಾರ ಚರ್ಚಿನ ಹೊರಗೆ ಗಾಳೀಲಿ ನಿಂತಿರತ್ತಲ್ಲ, ಆಗ ಆಗ್ಬೇಕು."

ಇದನ್ನೆಲ್ಲ ಅವಳು ಬೇಕರಿಯ ಬಿಲ್ಲುಪುಸ್ತಕದ ಹಿಂಬದಿಯಲ್ಲಿ ಮೋಟು ಪೆನ್ಸಿಲ್ಲಿನಿಂದ ಬರೆದುಕೊಂಡಳು. ಜೊತೆಗೆ ಬರುವವಳು ನಾನೇ ಎಂದು ತೀರ್ಮಾನವಾಯಿತು. ನನಗೆ ಬೈಕಿನ ಬಗ್ಗೆ ಏನೂ ತಿಳಿಯದು ಎಂದೆ. "ನೀನು ಬೆಟ್ಟ ಇದ್ಯಾ ಅಂತ ನೋಡಿದ್ರೆ ಸಾಕು," ಎಂದಳು.

ಮಾರ್ಚಿನ ಮೊದಲ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ನಾವು ಹೊಸ ಜಾಹೀರಾತು ಹಾಕಿದ್ದ ಐಲರ್ಟ್ ಉಲ್ಫರ್ಟ್ಸನ ಮನೆ ಮುಂದೆ ಇಳಿದೆವು. ಇಪ್ಪತ್ತು ಕಿಲೋಮೀಟರಿನಾಚೆಯ ಊರು, ಕೆಂಪು ಇಟ್ಟಿಗೆಯ ಮನೆ, ಗಾಳಿಗೆ ಒಂದೇ ಕಡೆ ಬಾಗಿದ ಬೇಲಿಗಿಡ. ಬೆಟ್ಟ ಇರಲಿಲ್ಲ. ಐಲರ್ಟನಿಗೆ ಮೂವತ್ತೈದು ಇರಬಹುದು, ಹಾಲಿನ ಲಾರಿ ಓಡಿಸುವವನು, ಮಂಡಿಗೆ ಆಪರೇಷನ್ ಆಗಿ ಊರುಗೋಲು ಹಿಡಿದಿದ್ದ. ಗಾಡಿ ಬಾಗಿಲ ಮುಂದೆಯೇ ನಿಂತಿತ್ತು. ಐನೂರು ಸಿಸಿ, ಕಡು ಹಸಿರು, ಈಗಷ್ಟೇ ಮಿಂದು ಬಂದ ಕುದುರೆಯ ಹಾಗೆ ಮಿರುಗುತ್ತಿತ್ತು.

"ಮೊಯಿನ್," ಎಂದು ನಮ್ಮ ಕಡೆಯ ನಮಸ್ಕಾರ ಹೇಳಿದ.

"ಮೊಯಿನ್," ಎಂದೆವು. ಟಾಲ್ಕೆ ಇನ್ನೊಂದು ಮಾತಾಡುವ ಮೊದಲು ಕೈಗವಸು ಬಿಚ್ಚಿ ಎಂಜಿನ್ನಿನ ಮೇಲೆ ಅಂಗೈ ಇಟ್ಟಳು. ಇಟ್ಟವಳು ಥಟ್ಟನೆ ತೆಗೆದಳು.

"ಬಿಸಿ ಇದೆ."

"ಹೌದಾ? ಬೆಳಿಗ್ಗೆ ತೊಳ್ದಿದ್ದೆ. ನೀರು ಒಣಗ್ಲಿ ಅಂತ ಸ್ವಲ್ಪ ಹೊತ್ತು ಸ್ಟಾರ್ಟ್ ಮಾಡಿಟ್ಟೆ," ಎಂದು ಐಲರ್ಟ್ ಅವಳ ಮುಖ ಬಿಟ್ಟು ಕನ್ನಡಿಯ ಮೇಲಿನ ಒಂದು ಹನಿಯನ್ನು ಒರೆಸಿದ. "ಕೇಳಿ ಬೇಕಾದ್ರೆ."

ಗುಂಡಿ ಒತ್ತಿದ. ಗಾಡಿ ಒಡನೆ ಎಚ್ಚರಾಯಿತು. ಒಲೆಯ ಪಕ್ಕ ಮಲಗಿದ ಬೆಕ್ಕಿನ ಗುರುಗುರು, ಅಷ್ಟು ಮೆತ್ತಗೆ. ಒಂದು ತಟಕ್ ಇಲ್ಲ, ಒಂದು ಕಟಕ್ ಇಲ್ಲ. ಟಾಲ್ಕೆಯ ತಲೆ ಮೆಲ್ಲಗೆ ಒಂದು ಕಡೆ ವಾಲಿತು, ರೆಪ್ಪೆ ಕೆಳಗಿಳಿಯಿತು.

ನಾನು ಮೊಣಕೈಯಿಂದ ತಿವಿದೆ. "ಕಣ್ಣು ಬಿಡೇ."

ಅವಳು ಕಣ್ಣು ಬಿಟ್ಟಳು. "ಆಫ್ ಮಾಡಿ," ಎಂದಳು, ಸ್ವಲ್ಪ ಬೇಸರದಿಂದಲೇ.

ಕಾಗದ ನೋಡಿದೆವು. ಹೆಸರು ಅವನದೇ, ವಿಳಾಸ ಇದೇ ಮನೆಯದು. ಹ್ಯಾಂಡಲ್ಲಿನ ಕೆಳಗೆ ಬಗ್ಗಿ ಅವಳು ಅಂಕಿ ಓದಿದಳು, ನಾನು ಕಾಗದದ ಮೇಲೆ ಬೆರಳು ಸರಿಸಿದೆ. ಹದಿನೇಳಕ್ಕೆ ಹದಿನೇಳೂ ಕೂಡಿತು. ಟೈರು ಚೆನ್ನಾಗಿತ್ತು. ಚೈನಿಗೆ ಎಣ್ಣೆ ಹಾಕಿತ್ತು. ಎಲ್ಲ ಸರಿ ಇದ್ದದ್ದೇ ಅವಳನ್ನು ಗೊಂದಲಕ್ಕೆ ಹಾಕಿತು. ಕಳ್ಳನಲ್ಲ, ಗಾಡಿಯನ್ನು ಮಗುವಿನ ಹಾಗೆ ನೋಡಿಕೊಂಡವನು. ಹಾಗಿದ್ದರೆ ತಣ್ಣಗಿರಲಿ ಎಂದು ಎರಡು ಸಲ ಬರೆದು ತಿಳಿಸಿದರೂ ಯಾಕೆ ಬಿಸಿ ಮಾಡಿದ? ಪೆನ್ಸಿಲ್ ತುಟಿಗಿಟ್ಟುಕೊಂಡು ನಿಂತಳು. ವಾಪಸ್ ಬಾ ಎಂದಿದ್ದ ಹಾರ್ಮ್. ನಾನು ಕಾರಿನ ಕೀಲಿ ತೆಗೆದೆ.

ಆಗ ಬಾಗಿಲು ತೆರೆಯಿತು. ಐಲರ್ಟನ ತಾಯಿ, ಎಪ್ಪತ್ತರ ಹತ್ತಿರದ ಹೆಂಗಸು. ಹೆಸರು ಗೇಶೆ, ಊರವರಿಗೆಲ್ಲ ಗೇಶಮ್ಮ ಎಂದು ಆಮೇಲೆ ತಿಳಿಯಿತು.

"ಬಂದವ್ರನ್ನ ಗಾಳೀಲಿ ನಿಲ್ಸಿ ಮಾತಾಡ್ತೀಯೇನೋ? ಚಹಾ ಆಗಿದೆ."

"ಅವ್ರಿಗೆ ಅವಸರ ಇರತ್ತಮ್ಮ," ಎಂದ ಐಲರ್ಟ್, ಬಹಳ ಬೇಗ.

ಟಾಲ್ಕೆ ಅವನನ್ನು ನೋಡಿದಳು. ಬಾಗಿದ ಬೇಲಿಯನ್ನು ನೋಡಿದಳು. ಅದರ ಈಚೆ, ಸಮುದ್ರದಿಂದ ನೇರ ಬೀಸುವ ಗಾಳಿಗೆ ಮೈಯೊಡ್ಡಿ ನಿಂತ ಗಾಡಿಯನ್ನು ನೋಡಿದಳು.

"ನಮಗೇನೂ ಅವಸರ ಇಲ್ಲ," ಎಂದು ಷೂ ಒರೆಸಿ ಒಳಗೆ ನಡೆದಳು.

ಜರ್ಮನಿಯ ಉಳಿದವರು ಕಾಫಿ ಕುಡಿದು ಎದ್ದು ಹೋಗಬಹುದು. ನಮ್ಮ ಓಸ್ಟ್‌ಫ್ರೀಸ್‌ಲಾಂಡಿನಲ್ಲಿ ಚಹಾಕ್ಕೆ ಕುಳಿತರೆ ಮೂರು ಕಪ್ಪು. ಅದಕ್ಕಿಂತ ಮೊದಲು ಎದ್ದರೆ ಮನೆಯವಳ ಮುಖಕ್ಕೆ ಹೊಡೆದ ಹಾಗೆ. ಸಾಕು ಎನ್ನುವವರು ಚಮಚವನ್ನು ಕಪ್ಪಿನೊಳಗೆ ಇಡಬೇಕು. ಚಮಚ ಹೊರಗಿರುವತನಕ ಚಹಾ ಬರುತ್ತಲೇ ಇರುತ್ತದೆ. ಗೇಶಮ್ಮ ನಾಲ್ಕು ಪುಟಾಣಿ ಕಪ್ಪುಗಳಿಗೆ ಕಲ್ಲುಸಕ್ಕರೆಯ ತುಂಡು ಹಾಕಿ ಮೇಲೆ ಕುದಿ ಚಹಾ ಸುರಿದರು. ಸಕ್ಕರೆ ಚಿಟಿಲ್ ಎಂದು ಬಿರುಕುಬಿಟ್ಟಿತು. ಅಂಚಿನಿಂದ ಜಾರಿಸಿದ ಒಂದು ಹನಿ ಕೆನೆ ತಳಕ್ಕಿಳಿದು ಮೋಡವಾಗಿ ಮೇಲೆದ್ದಿತು. ಯಾರೂ ಕಲಕಲಿಲ್ಲ. ಮೊದಲು ಕೆನೆ, ಆಮೇಲೆ ಒಗರು, ಕೊನೆಗೆ ಸಿಹಿ. ಅದು ತಾನಾಗಿ ಬರುವತನಕ ಕಾಯಬೇಕು.

ಮೊದಲ ಕಪ್ಪು ಮುಗಿಯುವಷ್ಟರಲ್ಲಿ ಐಲರ್ಟ್ ಮೂರು ಸಲ ಕಿಟಕಿ ನೋಡಿದ್ದ.

"ಗಾಡಿ ಒಳಗಿಟ್ಟು ಬರ್ತೀನಿ. ಗಾಳಿ ಜಾಸ್ತಿಯಾಯ್ತು."

"ಗಾಡಿಗೇನು ನೆಗಡಿ ಆಗತ್ತಾ? ಕೂತ್ಕೋ," ಎಂದರು ಗೇಶಮ್ಮ.

ಟಾಲ್ಕೆ ನಿಧಾನವಾಗಿ ಒಂದೊಂದೇ ಪ್ರಶ್ನೆ ತೆಗೆದಳು. ಅವಳು ಪ್ರಶ್ನೆ ಕೇಳುವ ರೀತಿಯಲ್ಲಿ ತನಿಖೆ ಇರುವುದಿಲ್ಲ. ಎಳೆಯ ಮಗು ಗಡಿಯಾರದ ಹಿಂದೇನಿದೆ ಎಂದು ಕೇಳಿದ ಹಾಗಿರುತ್ತದೆ. ಉತ್ತರಿಸುವವರಿಗೂ ಹೇಳುತ್ತ ಹೋಗಬೇಕೆನಿಸುತ್ತದೆ. ಎಷ್ಟು ವರ್ಷದಿಂದ ಗಾಡಿ ಇದೆ? ಒಂಬತ್ತು. ಯಾಕೆ ಮಾರುವುದು? ಮಂಡಿ ಇನ್ನು ಭಾರ ಹೊರುವುದಿಲ್ಲ ಎಂದಿದ್ದಾರೆ ಡಾಕ್ಟರು. ಬಿದ್ದದ್ದಿದೆಯೇ? ಒಂದು ಸಲ, ಇದೇ ಅಂಗಳದಲ್ಲಿ, ನಿಂತಲ್ಲೇ. ಅದನ್ನು ಹೇಳುವಾಗ ಅವನೂ ನಕ್ಕ.

"ಸರ್ವಿಸ್ ಎಲ್ಲಿ ಮಾಡಿಸ್ತೀರಿ?"

"ನಾನೇ ಮಾಡ್ಕೊಳ್ತೀನಿ. ಆಯಿಲ್ ಬದಲಾಯಿಸ್ತೀನಿ, ಚೈನು, ಬ್ರೇಕು…"

"ಎಂಜಿನ್ ಒಳಗೆ?"

"ಒಳಗ್ಯಾಕೆ ಕೈ ಹಾಕ್ಬೇಕು? ಚೆನ್ನಾಗೇ ಓಡ್ತಿದೆಯಲ್ಲ," ಎಂದ. ನಗು ನಿಂತಿತ್ತು.

ಎರಡನೇ ಕಪ್ಪು ಸುರಿಯುತ್ತ ಗೇಶಮ್ಮ ಕೇಳಿದರು: "ಅಲ್ಲಮ್ಮ, ಈ ವಯಸ್ಸಲ್ಲಿ ನಿಂಗ್ಯಾಕೆ ಬೈಕು?"

ಟಾಲ್ಕೆ ಹೇಳಿದಳು. ಸೇತುವೆ, ಫಲಕ, ಮೂರು ಚರ್ಚು, ಹಾಲ್ವರ್ಡಿನ ಹನ್ನೊಂದು ಜನ, ಈಸ್ಟರ್, ಪೆಟ್ಟಿಗೆ. ಬೆಟ್ಟದ ಕಥೆಯನ್ನೂ ಬಿಡಲಿಲ್ಲ. ಗೇಶಮ್ಮ ಕೆನೆಯ ಚಮಚ ಕೈಯಲ್ಲಿ ಹಿಡಿದೇ ನಕ್ಕರು.

"ಹಾಲ್ವರ್ಡಿನ ಆರ್ಗನ್ನಾ? ನನ್ನ ಮದುವೇಲಿ ನುಡಿದಿದ್ದು ಅದೇ. ಅದ್ರ ದೊಡ್ಡ ಪೈಪು ಒಂಚೂರು ತಡ ಅಲ್ವಾ?"

"ತಡ," ಎಂದಳು ಟಾಲ್ಕೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡ ರೀತಿಗೆ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

"ಹಂಗಾದ್ರೆ ಭಾನುವಾರ ಗಾಡಿ ಟೊರ್ಸುಮಿನಲ್ಲಿ ಒಂದು ಗಂಟೆ ಹೊರಗೆ ನಿಲ್ಲತ್ತೆ," ಎಂದರು ಗೇಶಮ್ಮ. ಮಗನತ್ತ ತಿರುಗಲಿಲ್ಲ. "ಆಮೇಲೆ ಒಂದೇ ಸಲಕ್ಕೆ ಸ್ಟಾರ್ಟ್ ಆಗ್ಬೇಕು."

"ಆಗ್ಲೇಬೇಕು," ಎಂದಳು ಟಾಲ್ಕೆ.

ಐಲರ್ಟನ ಕಿವಿ ಕೆಂಪಗಾಗಿತ್ತು. ಮೂರನೇ ಕಪ್ಪು ಬಂತು. ಅದರ ಜೊತೆ ಒಣದ್ರಾಕ್ಷಿ ಬ್ರೆಡ್ಡು, ಬೆಣ್ಣೆ, ಮದುವೆಯ ಫೋಟೋಗಳ ಪುಸ್ತಕ. ಗೇಶಮ್ಮ ಒಂದೊಂದು ಹಾಳೆಯನ್ನೂ ಎರಡೆರಡು ಸಲ ತಿರುವಿದರು. ಗೋಡೆಯ ಗಡಿಯಾರದಲ್ಲಿ ನಾಲ್ಕಾಯಿತು. ಹೊರಗೆ ಗಾಳಿ ಒಂದೇ ಸಮನೆ ಬೀಸುತ್ತಿತ್ತು. ಕೊನೆಗೆ ಟಾಲ್ಕೆ ಚಮಚವನ್ನು ಕಪ್ಪಿನೊಳಗಿಟ್ಟಳು.

"ಈಗ ನೋಡೋಣ್ವಾ?"

ನಾವು ಮೂವರೂ ಎದ್ದೆವು. ಐಲರ್ಟ್ ಏಳಲಿಲ್ಲ.

"ಆಗಲ್ಲ," ಎಂದ.

"ಏನು?"

"ಸ್ಟಾರ್ಟ್ ಆಗಲ್ಲ. ತಣ್ಣಗಾದ್ರೆ ಬ್ಯಾಟರಿ ಸಾಯೋ ತನಕ ಒತ್ತಬೇಕು. ಬೆಳಿಗ್ಗೆ ಮುಕ್ಕಾಲು ಗಂಟೆ ಒದ್ದಾಡಿದೀನಿ. ಹೋದ ವರ್ಷದಿಂದ ಹಿಂಗೇ. ನನ್ನ ಸ್ನೇಹಿತ ನೋಡಿ, ಎಂಜಿನ್ ಮುಗೀತು, ಬಿಚ್ಚಿದ್ರೆ ಗಾಡಿ ಬೆಲೆಗಿಂತ ಜಾಸ್ತಿ ಆಗತ್ತೆ ಅಂದ." ಊರುಗೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. "ಒಂಬತ್ತು ವರ್ಷ ಇಟ್ಕೊಂಡಿದ್ದನ್ನ ಗುಜರಿಗೆ ಹಾಕೋಕೆ ಮನಸ್ಸಾಗ್ಲಿಲ್ಲ."

"ಅದಕ್ಕೆ ಈ ಹೆಣ್ಮಗಳ ತಲೆಗೆ ಕಟ್ತಿದ್ಯಾ?" ಎಂದರು ಗೇಶಮ್ಮ. "ಬೆಳಿಗ್ಗೆಯಿಂದ ಆ ಸದ್ದು ಕೇಳ್ತಾನೇ ಇದೀನಿ. ಸುಳ್ಳು ಹೇಳಿ ಮಾರಿದ ದುಡ್ಡಿನ ಚಹಾ ನಂಗೆ ಬೇಡ ಕಣೋ."

ನಾನು ಕೈಚೀಲ ಭುಜಕ್ಕೇರಿಸಿದೆ. ಮುಗಿಯಿತು ಎಂದುಕೊಂಡೆ. ಆದರೆ ಟಾಲ್ಕೆಯ ಮುಖ ನೋಡಿದರೆ ಅಲ್ಲಿ ಸಿಟ್ಟೇ ಇರಲಿಲ್ಲ. ಹಿಂಬದಿಯ ಹಲಗೆ ತೆಗೆದ ಆರ್ಗನ್ನಿನ ಮುಂದೆ ನಿಂತ ಹನ್ನೆರಡರ ಹುಡುಗಿಯ ಮುಖ ಅದು.

"ಯಾಕೆ ಆಗಲ್ಲ?" ಎಂದಳು.

"ಗೊತ್ತಿಲ್ಲ."

"ಬನ್ನಿ. ಅದು ಆಗದೇ ಇರೋದನ್ನ ಕೇಳ್ಬೇಕು."

ಹೊರಗೆ ಬಂದೆವು. ಅವಳು ಅಂಗೈ ಇಟ್ಟು ನೋಡಿದಳು. ಕಬ್ಬಿಣ ತಣ್ಣಗೆ ಕೊರೆಯುತ್ತಿತ್ತು. ಐಲರ್ಟ್ ಚೋಕ್ ಎಳೆದು ಗುಂಡಿ ಒತ್ತಿದ. ಕುಯ್ಞ್ ಕುಯ್ಞ್ ಎಂದು ಸ್ಟಾರ್ಟರು ತಿರುಗಿತು. ತಿರುಗುತ್ತಲೇ ಇತ್ತು, ಹತ್ತಲಿಲ್ಲ. ಟಾಲ್ಕೆ ಈ ಸಲ ಕಣ್ಣು ಅಗಲಿಸಿಕೊಂಡೇ ಕೇಳಿದಳು.

"ಉಸಿರು ಎಳ್ಕೊಳ್ತಿದೆ," ಎಂದಳು. "ಆದ್ರೆ ಹಿಡ್ಕೊಳ್ತಿಲ್ಲ. ಎಲ್ಲೋ ಸೋರ್ತಿದೆ. ಯಾವುದೋ ಬಾಗಿಲು ಪೂರ್ತಿ ಮುಚ್ತಿಲ್ಲ ಅನ್ಸತ್ತೆ. ನಂಗೆ ಎಂಜಿನ್ ಗೊತ್ತಿಲ್ಲ. ಗೊತ್ತಿರೋರು ನೋಡ್ಲಿ."

ಆವತ್ತು ಅವಳು ಹಣ ಕೊಡಲಿಲ್ಲ, ಮುಂಗಡವೂ ಇಲ್ಲ. ಅಡುಗೆಮನೆಯ ಮೇಜಿನ ಮೇಲೆ ಒಂದು ಕಾಗದ ಬರೆದಳು: ಗಾಡಿಯನ್ನು ಪೇಟೆಯ ವರ್ಕ್‌ಶಾಪಿಗೆ ಸಾಗಿಸಿ ತಪಾಸಣೆ ಮಾಡಿಸತಕ್ಕದ್ದು, ವರದಿಯನ್ನು ಇಬ್ಬರೂ ಓದತಕ್ಕದ್ದು, ಆಮೇಲೆ ಕೊಳ್ಳುವ ಅಥವಾ ಬಿಡುವ ಮಾತು. ಕೆಳಗೆ ಐಲರ್ಟನ ಕೈಯಲ್ಲೇ 'ತಣ್ಣಗಿದ್ದಾಗ ಸ್ಟಾರ್ಟ್ ಆಗುವುದಿಲ್ಲ' ಎಂದು ಗೇಶಮ್ಮ ಬರೆಸಿದರು. ತಪಾಸಣೆಯ ಖರ್ಚು ಯಾರದು ಎಂದು ನಾನು ಕೇಳುವ ಮೊದಲೇ "ಅವನದು" ಎಂದರು.

ದಾರಿಯಲ್ಲಿ ನಾನು ಸುಮ್ಮನಿರಲಾಗದೆ ಕೇಳಿದೆ. "ಹಾರ್ಮ್ ಬಿಸಿ ಇದ್ರೆ ವಾಪಸ್ ಬಾ ಅಂದಿದ್ನಲ್ಲ?"

"ಹೂಂ. ಆದ್ರೆ ಚಹಾ ಕರೆದ್ರೆ ಏನು ಮಾಡ್ಬೇಕು ಅಂತ ಹೇಳಿರ್ಲಿಲ್ಲ."

ಹತ್ತು ದಿನಕ್ಕೆ ವರದಿ ಬಂತು. ವರ್ಕ್‌ಶಾಪಿನ ಮೇಸ್ತ್ರಿ ಎಣ್ಣೆ ಕೈಯನ್ನು ಬಟ್ಟೆಗೆ ಒರೆಸುತ್ತ ನಮ್ಮ ಮೂವರಿಗೂ ತಿಳಿಸಿ ಹೇಳಿದ. ಎಂಜಿನ್ ಮುಗಿದಿರಲಿಲ್ಲ. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಟ್ಯಾಪೆಟ್ ಸೆಟ್ ಮಾಡಿಸಿರಲಿಲ್ಲ, ಎಂದರೆ ಗಾಳಿಯ ಬಾಗಿಲಿನಂಥ ವಾಲ್ವಿನ ಮೇಲಿನ ಸಂದನ್ನು ಸರಿಪಡಿಸಿರಲಿಲ್ಲ, ಅಷ್ಟೆ. ಸವೆದು ಸವೆದು ಇರಬೇಕಾದ ಸಂದು ಇಲ್ಲವಾಗಿ, ವಾಲ್ವು ಪೂರ್ತಿ ಮುಚ್ಚಿಕೊಳ್ಳುತ್ತಿರಲಿಲ್ಲ. ಅರ್ಧ ದಿನದ ಕೆಲಸ.

"ನನ್ ಸ್ನೇಹಿತ…" ಎಂದು ಐಲರ್ಟ್ ಬಾಯಿ ತೆರೆದ.

"ನಿನ್ ಸ್ನೇಹಿತನೂ ಹೊರಗಿಂದ ಕೇಳಿದಾನೆ," ಎಂದ ಮೇಸ್ತ್ರಿ. "ಒಳಗೆ ನೋಡಿಲ್ಲ."

ಮರುದಿನ ಬೆಳಿಗ್ಗೆ ಮೂವರೂ ಮತ್ತೆ ಹೋದೆವು. ಸರಿಮಾಡಿದ ಗಾಡಿ ರಾತ್ರಿಯೆಲ್ಲ ಹೊರಗೆ ನಿಂತಿತ್ತು. ಮೇಸ್ತ್ರಿ ಗುಂಡಿ ಒತ್ತಿದ. ಎರಡನೇ ಉಸಿರಿಗೆ ಎದ್ದಿತು. ಆದರೆ ಟಾಲ್ಕೆಯ ಹುಬ್ಬು ಗಂಟಿಕ್ಕಿತು. ಬೆಕ್ಕಿನ ಗುರುಗುರು ಹೋಗಿತ್ತು. ಅದರ ಜಾಗದಲ್ಲಿ ಟಿಕ್ ಟಿಕ್ ಟಿಕ್ ಎಂದು ಏನೋ ಬಡಿದುಕೊಳ್ಳುತ್ತಿತ್ತು.

"ಈ ಸದ್ದು ಏನು? ಮೊದಲು ಇರ್ಲಿಲ್ಲ."

"ಮೊದಲು ಇರ್ಲಿಲ್ಲ, ಅದೇ ಕಾಯಿಲೆ," ಎಂದ ಮೇಸ್ತ್ರಿ. "ಸಂದು ಇದ್ರೆ ಸ್ವಲ್ಪ ಬಡಿಯತ್ತೆ. ಬಡೀಬೇಕು. ಸಂದೇ ಇಲ್ಲದ್ದು ಸದ್ದು ಮಾಡಲ್ಲ, ಒಂದಿನ ಸುಟ್ಟು ಹೋಗತ್ತೆ."

ಟಾಲ್ಕೆ ಎಂಜಿನ್ನಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟಳು. ಹಾಲ್ವರ್ಡಿನ ಹಳೆಯ ಆರ್ಗನ್ನೂ ಹೀಗೇ. ಹಾಡಿನ ಅಡಿಯಲ್ಲಿ, ಬೆರಳೊತ್ತುವ ಪಟ್ಟಿಗಳನ್ನು ಪೈಪುಗಳಿಗೆ ಜೋಡಿಸಿದ ಮರದ ಕಡ್ಡಿಗಳು ಕಟಕಟ ಎನ್ನುತ್ತಿರುತ್ತವೆ. ಹೊಸಬರು ಕೇಳಿ ಕೆಟ್ಟಿದೆ ಎನ್ನುತ್ತಾರೆ. ತೇವದ ದಿನಗಳಲ್ಲಿ ಮರ ಉಬ್ಬಿ ಸದ್ದು ನಿಂತರೆ ಅವಳಿಗೆ ನಿದ್ದೆ ಬರುವುದಿಲ್ಲ, ಪಟ್ಟಿಗಳು ಸಿಕ್ಕಿಕೊಳ್ಳುವ ಕಾಲ ಬಂತೆಂದು. ಅಷ್ಟು ತಿಳಿದವಳು ಎರಡು ಸಲ ನುಣುಪು ಸದ್ದಿಗೆ ಸೋತಿದ್ದಳು.

"ಎರಡು ಸಲ," ಎಂದಳು ನನ್ನತ್ತ ಕತ್ತೆತ್ತಿ. ಅವಳಿಗೆ ನಾಚಿಕೆಯಾಗಿತ್ತು, ಆದರೆ ಹೊಸದೊಂದು ತಿಳಿದ ಖುಷಿ ನಾಚಿಕೆಗಿಂತ ದೊಡ್ಡದಿತ್ತು.

ಆಮೇಲೆ ಅವಳು ಪೇಟೆಯ ಹೊರಗಿನ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿ ಬಂದಳು. ಕಾಗದಕ್ಕೆ ರುಜು ಬಿತ್ತು. ಗಾಡಿ, ಎರಡು ಕೀಲಿ, ಎರಡು ದಾಖಲೆ ಕೈಗೆ ಬಂದ ಮೇಲೆ ಹಣ ಕೊಟ್ಟಳು. ಐಲರ್ಟ್ ಗಾಡಿಯ ಟ್ಯಾಂಕಿನ ಮೇಲೆ ಒಮ್ಮೆ ಕೈಯಾಡಿಸಿದ. ಸಾಕಿದ ಹಸುವನ್ನು ಒಳ್ಳೆಯ ಮನೆಗೆ ಕೊಡುವವನ ಹಾಗೆ.

"ಚೋಕ್ ಅರ್ಧ ಸಾಕು, ಟಾಲ್ಕೆಯವ್ರೇ," ಎಂದ. "ಪೂರ್ತಿ ಎಳೀಬೇಡಿ."

"ಯಾಕೆ?" ಎಂದಳು ಟಾಲ್ಕೆ. ಅವನು ಹೇಳುತ್ತ ಹೋದ. ನಾನು ಕಾರಿನಲ್ಲಿ ಕುಳಿತು ಇಪ್ಪತ್ತು ನಿಮಿಷ ಕಾದೆ.

ಈಸ್ಟರಿನ ಭಾನುವಾರ ಎಲ್ಸುಮಿನಲ್ಲಿ ಮುಗಿಸಿದ ಕೂಡಲೇ ನಾನು ಕಾರಿನಲ್ಲಿ ಟೊರ್ಸುಮಿಗೆ ಅವಳ ಹಿಂದೆಯೇ ಹೋದೆ. ನನ್ನ ಕಾರಿನಿಂದ ಯಾವ ಉಪಯೋಗವೂ ಇರಲಿಲ್ಲ, ಆದರೂ ಹೋದೆ. ಗಾಡಿಯನ್ನು ಚರ್ಚಿನ ಗೋಡೆಗೆ ಒತ್ತಿ ನಿಲ್ಲಿಸಿ ಅವಳು ಒಳಹೋದಳು. ನಾನು ಒಳಗೆ ಹೋಗಲಿಲ್ಲ. ಆ ಎಂಜಿನ್ ತಣ್ಣಗಾಗುವುದನ್ನು ಕಾಯುತ್ತ ಹೊರಗೇ ಕುಳಿತೆ. ಹತ್ತೂವರೆಗೆ ಮುಟ್ಟಿದಾಗ ಬೆಚ್ಚಗಿತ್ತು. ಹನ್ನೊಂದಕ್ಕೆ ತಣ್ಣಗೆ. ಮೇಲೆ ಸಣ್ಣಗೆ ಆಲಿಕಲ್ಲು ಬಿದ್ದು ಸೀಟಿನ ಮೇಲೆ ಕಲ್ಲುಸಕ್ಕರೆಯಂತೆ ಕುಳಿತಿತ್ತು.

ಹನ್ನೊಂದೂ ಐದಕ್ಕೆ ಟಾಲ್ಕೆ ಓಡಿ ಬಂದಳು. ಆಲಿಕಲ್ಲು ಕೊಡವಿದಳು, ಚೋಕ್ ಅರ್ಧ ಎಳೆದಳು, ನನ್ನನ್ನು ನೋಡಿದಳು. ಕಣ್ಣು ತೆರೆದೇ ಇತ್ತು. ಗುಂಡಿ ಒತ್ತಿದಳು.

ಒಂದು ಉಸಿರು. ಎರಡು. ಟಿಕ್ ಟಿಕ್ ಟಿಕ್.

ನಾನು ಸೇತುವೆಯವರೆಗೆ ಹಿಂಬಾಲಿಸಿದೆ. ಅಲ್ಲಿ ಕೆಂಪು ಬಳೆಯೊಳಗಿನ ಕಪ್ಪು ಕಾರು ನನ್ನನ್ನು ತಡೆಯಿತು. ಅವಳು ಹಲಗೆಗಳ ಮೇಲೆ ದಡದಡ ದಾಟಿ ಕಡಲ ದಿಬ್ಬದ ಬುಡದ ದಾರಿ ಹಿಡಿದಳು. ನಾನು ಇಳಿದು ನಿಂತೆ. ಟಿಕ್ ಟಿಕ್ ಸಣ್ಣಗಾಗುತ್ತ ಹೋಗಿ ಗಾಳಿಯಲ್ಲಿ ಸೇರಿತು. ಕುರಿಗಳು ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗಿದವು.

ಹನ್ನೊಂದೂವರೆಗೆ ಹಾಲ್ವರ್ಡಿನ ಗಂಟೆ ಕೇಳಿಸಿತು. ಆಮೇಲೆ ಗಂಟೆ ನಿಂತಿತು. ಅಷ್ಟು ದೂರದಿಂದ ಇನ್ನೇನೂ ಕೇಳಿಸುವುದಿಲ್ಲ. ಆದರೂ ನಾನು ಫಲಕದ ಕಂಬಕ್ಕೊರಗಿ ಕಾದೆ. ಈಗ ಅವಳು ಕೈಗವಸು ಬಿಚ್ಚುತ್ತಾಳೆ, ಬೆಂಚಿನ ಮೇಲೆ ಸರಿದು ಕೂರುತ್ತಾಳೆ, ಮರದ ಕಡ್ಡಿಗಳು ಕಟಕಟ ಎನ್ನುತ್ತವೆ. ಎಲ್ಲ ಪೈಪುಗಳೂ ಒಟ್ಟಿಗೆ ದನಿಯೆತ್ತುತ್ತವೆ. ಒಂದು ಮಾತ್ರ, ಎಲ್ಲಕ್ಕಿಂತ ದೊಡ್ಡದು, ಹೊಟ್ಟೆ ತುಂಬ ಗಾಳಿ ತುಂಬಿಕೊಂಡು ಒಂಚೂರು ತಡವಾಗಿ ಬರುತ್ತದೆ.